ನೆಲದಡಿಯ ಲೆಕ್ಕ

ಬಾವಿಯ ನೀರನ್ನು ನಮ್ಮ ಹಿರಿಯರು ನಾಲಗೆಯಿಂದಲೂ ಒಲೆಯಿಂದಲೂ ಪರೀಕ್ಷಿಸುತ್ತಿದ್ದರು. ಬೇಳೆ ಬೇಗ ಬೆಂದರೆ ಅದು ಸಿಹಿನೀರು. ಬೇಯದೆ ಸತಾಯಿಸಿದರೆ ಗಡಸು ನೀರು. ಬಾಯಿಗಿಟ್ಟೊಡನೆ ಮುಖ ಕಿವಿಚುವಂತಾದರೆ ಉಪ್ಪುನೀರು. ಈ ಬಾವಿ ಕುಡಿಯುವುದಕ್ಕೆ, ಆ ಬಾವಿ ಬಟ್ಟೆ ಒಗೆಯುವುದಕ್ಕೆ, ಇನ್ನೊಂದು ದನಕರುಗಳಿಗೆ ಎಂದು ಗೊತ್ತುಮಾಡಲು ಇಷ್ಟು ಪರೀಕ್ಷೆ ಸಾಕಾಗಿತ್ತು. ಆದರೆ ಈ ಪರೀಕ್ಷೆಗಳೆಲ್ಲವನ್ನೂ ತಪ್ಪಿಸಿಕೊಳ್ಳುವ ಲವಣವೊಂದುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಬಾವಿಯ ನೀರಿನಲ್ಲಿರುವಷ್ಟು ಪ್ರಮಾಣದಲ್ಲಿ ರುಚಿಯೂ ಇಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ. ಅದರ ಹೆಸರು ನೈಟ್ರೇಟು. ಅದು ನೆಲದ ಮೇಲಿಂದ ನೆಲದಡಿಗೆ ಇಳಿದು, ಅಲ್ಲಿಂದ ಹೊಳೆ, ಕೆರೆ, ಬುಗ್ಗೆಗಳಿಗೆ ಬಂದು ಸೇರಿದ ಚರಿತ್ರೆ ನೂರೆಂಬತ್ತು ವರ್ಷಗಳಷ್ಟು ಉದ್ದವಾದದ್ದು. ಆ ಚರಿತ್ರೆಯ ಕೊನೆಯ ಅಧ್ಯಾಯ ಈಗ ನಮ್ಮ ನಾಡಿನಲ್ಲಿಯೇ ಬರೆಯಲ್ಪಡುತ್ತಿರುವುದರಿಂದ, ಮೊದಲ ಅಧ್ಯಾಯಗಳನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಈ ಲವಣ ನಮಗೆ ಹೊಸದೇನೂ ಅಲ್ಲ. ಪೆಟ್ಲುಪ್ಪು ಎಂದರೆ ಎಲ್ಲರಿಗೂ ತಿಳಿದೀತು. ದನದ ಕೊಟ್ಟಿಗೆಯ ಹಳೆಯ ನೆಲದಲ್ಲಿ, ಗಂಜಲ ಇಂಗಿದ ಮಣ್ಣಿನಲ್ಲಿ, ಮಣ್ಣುಗೋಡೆಗಳ ಬುಡದಲ್ಲಿ ಬೇಸಗೆಯ ದಿನ ಬಿಳಿಯ ಹುಡಿ ಎದ್ದು ಕಾಣುವುದಷ್ಟೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕಲಸಿ, ಸೋಸಿ, ಕಾಯಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಅದಕ್ಕೆ ಗಂಧಕವನ್ನೂ ಇದ್ದಲನ್ನೂ ಸೇರಿಸಿದರೆ ಕೋವಿಯ ಮದ್ದು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಐರೋಪ್ಯ ಕಂಪನಿಗಳು ಬಿಹಾರದಿಂದ ಹಡಗು ಹಡಗು ಪೆಟ್ಲುಪ್ಪನ್ನು ಸಾಗಿಸಿದವು. ಹೈದರ್, ಟಿಪ್ಪು ಇವರ ಸೈನ್ಯದಿಂದ ಚಿಮ್ಮಿದ ಬಾಣಗಳ ಹೊಟ್ಟೆಯಲ್ಲಿದ್ದದ್ದೂ ಇದೇ ಉಪ್ಪಿನ ಮದ್ದು. ಸಗಣಿ ಗಂಜಲಗಳು ಮಣ್ಣಿನಲ್ಲಿ ಬೆರೆತು ಕಾಲಾಂತರದಲ್ಲಿ ಒಂದು ಲವಣವಾಗುತ್ತವೆ ಎಂಬುದು ಇದರಿಂದ ಲೋಕಕ್ಕೆ ಗೊತ್ತಿತ್ತು. ಮಳೆ ಬಂದಾಗ ಆ ಲವಣ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಈ ಲವಣದ ಜೀವಾಳ ಸಾರಜನಕ. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು ಇಟ್ಟ ಹೆಸರು ಬಹು ಸೊಗಸಾದುದು. ಸಾರವನ್ನು ಹುಟ್ಟಿಸುವುದು ಯಾವುದೋ ಅದು ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಅದೇ. ಆದರೆ ಗಾಳಿಯಲ್ಲಿರುವ ಸಾರಜನಕವನ್ನು ಗಿಡ ನೇರವಾಗಿ ಉಣ್ಣಲಾರದು. ಅಮೋನಿಯಾ, ನೈಟ್ರೇಟು ಮೊದಲಾದ ರೂಪಕ್ಕೆ ಬಂದರೆ ಮಾತ್ರ ಅದು ಬೇರಿಗೆ ದಕ್ಕುತ್ತದೆ. ಇದಕ್ಕೆ ಜೊತೆಗಾರ ರಂಜಕ. ಇಬ್ಬರೂ ಬೆಳೆಯ ಪೋಷಕರೇ. ಆದರೆ ಮಣ್ಣಿನಲ್ಲಿ ಅವರ ನಡತೆ ಬೇರೆ. ರಂಜಕವನ್ನು ಮಣ್ಣು ಜಿಪುಣನಂತೆ ಬಿಗಿಹಿಡಿಯುತ್ತದೆ. ನೈಟ್ರೇಟನ್ನಾದರೋ ಅದು ಹಿಡಿಯಲಾರದು. ಬೇರು ಕೂಡಲೇ ಕುಡಿಯದೆ ಹೋದರೆ, ಮುಂದಿನ ಮಳೆಯ ನೀರಿನೊಡನೆ ನೈಟ್ರೇಟು ಕೆಳಕ್ಕೆ ಇಳಿದುಹೋಗುತ್ತದೆ.

ಈ ಸಂಗತಿಯನ್ನು ಮೊದಲು ಅಳತೆಮಾಡಿ ತೋರಿಸಿದ ಸ್ಥಳ ಇಂಗ್ಲೆಂಡಿನ ರಾಥಮ್‌ಸ್ಟೆಡ್. ಲಂಡನ್ನಿನ ಉತ್ತರಕ್ಕಿರುವ ಆ ಜಮೀನಿನ ಒಡೆಯ ಜಾನ್ ಬೆನೆಟ್ ಲಾಸ್. ಆತ 1842ರಲ್ಲಿ ಸೂಪರ್‌ಫಾಸ್ಫೇಟ್ ಗೊಬ್ಬರಕ್ಕೆ ಹಕ್ಕುಪತ್ರ ಪಡೆದ. ಮರುವರ್ಷ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನ ಪಂಡಿತನನ್ನು ಜೊತೆಗೆ ಕರೆದುಕೊಂಡು, ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿ ಬಿತ್ತಿದ. ಒಂದು ಪಟ್ಟಿಗೆ ತಿಪ್ಪೆಗೊಬ್ಬರ, ಒಂದಕ್ಕೆ ಅಮೋನಿಯಾ ಲವಣ, ಒಂದಕ್ಕೆ ರಂಜಕ, ಒಂದಕ್ಕೆ ಏನೂ ಇಲ್ಲ. ವರ್ಷವರ್ಷವೂ ಅದೇ ಪಟ್ಟಿಗೆ ಅದೇ ಗೊಬ್ಬರ. ಗಿಡಗಳಿಗೆ ಬೇಕಾದ ಸಾರಜನಕವನ್ನೆಲ್ಲ ಗಾಳಿಯ ಅಮೋನಿಯಾವೇ ಒದಗಿಸುತ್ತದೆಂದು ಜರ್ಮನಿಯ ಪ್ರಖ್ಯಾತ ವಿಜ್ಞಾನಿ ಲೀಬಿಗ್ ವಾದಿಸುತ್ತಿದ್ದ. ಹಾಗಲ್ಲ, ಸಾರಜನಕವನ್ನು ನಾವೇ ಕೊಡಬೇಕು ಎಂದು ಬ್ರಾಡ್‌ಬಾಕಿನ ಗೋಧಿಯ ತೆನೆಗಳು ಸಾಕ್ಷಿ ಹೇಳಿದವು. 1843ರಲ್ಲಿ ಆರಂಭವಾದ ಆ ಪ್ರಯೋಗ ಇಂದಿಗೂ ನಡೆಯುತ್ತಿದೆ.

ನಮ್ಮ ಕಥೆಗೆ ಮುಖ್ಯವಾದುದು ಆ ಹೊಲದ ಮೇಲಿನ ತೆನೆಯಲ್ಲ, ಕೆಳಗಿನ ಕೊಳವೆ. ಜೌಗು ಬಸಿದುಹೋಗಲೆಂದು 1849ರಲ್ಲಿ ಪಟ್ಟಿಗಳ ಅಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿದ್ದರು. 1860ರ ದಶಕದಲ್ಲಿ ಆ ಕೊಳವೆಗಳಿಂದ ಬಸಿಯುವ ನೀರನ್ನು ಹಿಡಿದು ವೊಲ್ಕರ್ ಎಂಬ ರಸಾಯನಜ್ಞ ಪರೀಕ್ಷೆ ಮಾಡಿದ. ರಂಜಕ ಬಹುಮಟ್ಟಿಗೆ ಮಣ್ಣಿನಲ್ಲೇ ನಿಂತಿತ್ತು. ಆದರೆ ಶರತ್ಕಾಲದಲ್ಲಿ ಹಾಕಿದ ಅಮೋನಿಯಾ ಲವಣ ಚಳಿಗಾಲದ ಮಳೆಯಲ್ಲಿ ನೈಟ್ರೇಟಾಗಿ ಕೊಳವೆಯಿಂದ ಹೊರಬರುತ್ತಿತ್ತು. ದುಡ್ಡು ಕೊಟ್ಟು ತಂದ ಗೊಬ್ಬರ ನೀರಿನ ಪಾಲಾಗುತ್ತಿತ್ತು.

ಲಾಸ್ ಮತ್ತು ಗಿಲ್ಬರ್ಟ್ 1870ರಲ್ಲಿ ಇನ್ನೊಂದು ಸೂಕ್ಷ್ಮ ಏರ್ಪಾಡು ಮಾಡಿದರು. ಅಗೆದು ಕದಡದ ನೆಲದ ಮೂರು ತುಂಡುಗಳನ್ನು, ಒಂದೊಂದೂ ಎಕರೆಯ ಸಾವಿರದಲ್ಲೊಂದು ಪಾಲಿನಷ್ಟು, ಸುತ್ತ ಗೋಡೆ ಕಟ್ಟಿ ಬೇರ್ಪಡಿಸಿ, ಇಪ್ಪತ್ತು, ನಲವತ್ತು, ಅರವತ್ತು ಅಂಗುಲ ಆಳದಲ್ಲಿ ಸೋರಿ ಬರುವ ನೀರನ್ನು ಅಳೆದರು. ಅಲ್ಲಿ ಬೆಳೆಯಿಲ್ಲ, ಗೊಬ್ಬರವನ್ನೂ ಹಾಕಲಿಲ್ಲ. ಆದರೂ ದಶಕಗಟ್ಟಲೆ ಆ ನೀರಿನಲ್ಲಿ ನೈಟ್ರೇಟು ಬರುತ್ತಲೇ ಇತ್ತು. ಮಣ್ಣಿನಲ್ಲಿ ಹಿಂದೆಂದೋ ಸೇರಿದ್ದ ಕಸಕಡ್ಡಿ ಬೇರುಗಳ ಸಾರವೇ ಕೊಳೆತು, ನೈಟ್ರೇಟಾಗಿ, ಕುಡಿಯುವ ಬೇರಿಲ್ಲದೆ ಇಳಿದುಹೋಗುತ್ತಿತ್ತು. ನೆಲಕ್ಕೆ ನೆನಪಿದೆ, ಹಾಕಿದ್ದನ್ನು ಅದು ಬಹುಕಾಲದ ಮೇಲೆ ಹೊರಗೆ ಬಿಡುತ್ತದೆ ಎಂಬ ಪಾಠ ಅಂದೇ ಕೈಗೆ ಸಿಕ್ಕಿತ್ತು.

ಕೊಳಕು ನೈಟ್ರೇಟಾಗುವುದು ಹೇಗೆ? 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್, ಮುಂಟ್ಸ್ ಎಂಬಿಬ್ಬರು ಗಾಜಿನ ಕೊಳವೆಯಲ್ಲಿ ಮರಳನ್ನೂ ಸುಣ್ಣದ ಕಲ್ಲಿನ ಪುಡಿಯನ್ನೂ ತುಂಬಿ, ಮೇಲಿಂದ ಚರಂಡಿಯ ನೀರನ್ನು ಹನಿಹನಿಯಾಗಿ ಬಿಟ್ಟರು. ಮೊದಲು ಏನೂ ಆಗಲಿಲ್ಲ. ಕೆಲವು ವಾರಗಳಾದ ಮೇಲೆ ಕೆಳಗೆ ಬೀಳುವ ನೀರಿನಲ್ಲಿ ಅಮೋನಿಯಾ ಮಾಯವಾಗಿ ನೈಟ್ರೇಟು ಕಾಣಿಸಿತು. ಕೊಳವೆಯೊಳಕ್ಕೆ ಕ್ಲೋರೋಫಾರ್ಮಿನ ಆವಿ ಹಾಯಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ಹಾಗಾದರೆ ಇದು ಬರಿಯ ರಸಾಯನವಲ್ಲ, ಅಲ್ಲಿ ಜೀವಿಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಕುಳಿತು ಈ ಮಾರ್ಪಾಡು ನಡೆಸುತ್ತವೆ ಎಂದು ಅವರು ಊಹಿಸಿದ್ದು ನಿಜವಾಯಿತು. ಮಣ್ಣಿನ ಮೂಲಕ ಇಳಿದ ಕೊಳಚೆ ತಿಳಿಯಾಗುತ್ತದೆ, ದುರ್ವಾಸನೆ ಕಳೆದುಕೊಳ್ಳುತ್ತದೆ. ಆದರೆ ಅದರ ಸಾರಜನಕ ಕಣ್ಣಿಗೆ ಕಾಣದ ವೇಷ ತೊಟ್ಟು ಮುಂದಕ್ಕೆ ಹೊರಟಿರುತ್ತದೆ. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ.

ಇಷ್ಟು ತಿಳಿದ ಮೇಲೂ ಲೋಕ ಎಚ್ಚರಗೊಳ್ಳಲಿಲ್ಲ. ಏಕೆಂದರೆ ಆ ಕಾಲದ ಚಿಂತೆ ಸಾರಜನಕ ಹೆಚ್ಚಾದೀತೆಂಬುದಲ್ಲ, ಸಾಲದೆಂಬುದು. ಪೆರು ದೇಶದ ದ್ವೀಪಗಳಲ್ಲಿ ರಾಶಿಬಿದ್ದಿದ್ದ ಕಡಲಹಕ್ಕಿಗಳ ಹಿಕ್ಕೆಯನ್ನು ಅಗೆದು ಯೂರೋಪಿಗೆ ಸಾಗಿಸಿದರು. ಅದು ಮುಗಿಯುತ್ತ ಬಂದಂತೆ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯ ಮರುಭೂಮಿಯಲ್ಲಿದ್ದ ನೈಟ್ರೇಟಿನ ಗಣಿಗಳಿಗೆ ಕೈಹಾಕಿದರು. ಆ ಗಣಿಗಳ ಸಲುವಾಗಿ 1879ರಲ್ಲಿ ಚಿಲಿ, ಪೆರು, ಬೊಲಿವಿಯ ದೇಶಗಳ ನಡುವೆ ಯುದ್ಧವೇ ನಡೆಯಿತು. ಅದೂ ಮುಗಿದುಹೋದರೆ ಗೋಧಿ ಉಣ್ಣುವ ಜನ ಉಪವಾಸ ಬೀಳುತ್ತಾರೆಂದು 1898ರಲ್ಲಿ ವಿಲಿಯಂ ಕ್ರೂಕ್ಸ್ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದ ಎಚ್ಚರಿಸಿದ. ಉತ್ತರ ಜರ್ಮನಿಯಿಂದ ಬಂತು. ಫ್ರಿಟ್ಸ್ ಹಾಬರ್ 1909ರಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಓಪ್ಪಾವ್ ಎಂಬಲ್ಲಿ ಅದನ್ನು ಕಾರ್ಖಾನೆಗೆ ಇಳಿಸಿದ. ಸ್ವತಂತ್ರ ಭಾರತದ ಸಿಂದ್ರಿ ಕಾರ್ಖಾನೆ 1951ರಲ್ಲಿ ಗೊಬ್ಬರ ತಯಾರಿಸತೊಡಗಿದಾಗ ದೇಶ ಸಂತೋಷಪಟ್ಟಿತು. ಸಂತೋಷಪಡಬೇಕಾದದ್ದೇ. ಸೀಮೆಗೊಬ್ಬರವಿಲ್ಲದಿದ್ದರೆ ಕೋಟ್ಯಂತರ ಜನಕ್ಕೆ ಅನ್ನವಿರುತ್ತಿರಲಿಲ್ಲ. ಆದುದರಿಂದ ಈ ಕಥೆಯಲ್ಲಿ ಖಳನನ್ನು ಹುಡುಕುವುದು ವ್ಯರ್ಥ. ಹೊಟ್ಟೆ ತುಂಬಿಸಿದ ವಸ್ತುವೇ ಬಾವಿಯನ್ನೂ ಕೆಡಿಸಿತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ವಿಷವೆಂಬುದು ಮೊದಲು ಗೊತ್ತಾದದ್ದು ಎಳೆಗೂಸುಗಳ ಮೈಬಣ್ಣದಿಂದ. ಅಮೆರಿಕದ ಅಯೋವ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಒಂದು ಲೇಖನ ಪ್ರಕಟಿಸಿದ. ಹೊಲದ ಮನೆಗಳ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಕೂಸುಗಳು ನೀಲಿಗಟ್ಟುತ್ತಿದ್ದವು. ಕಾರಣವಿಷ್ಟೆ: ಎಳೆಯ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಆ ಬಾವಿಗಳು ಹೆಚ್ಚಾಗಿ ಕೊಟ್ಟಿಗೆ, ಕಕ್ಕಸುಗುಂಡಿಗಳ ಹತ್ತಿರ ತೋಡಿದ ಆಳವಿಲ್ಲದ ಬಾವಿಗಳು. ಬಾವಿಯ ನೀರು ಬದಲಾಯಿಸಿದರೆ ಕೂಸು ಚೇತರಿಸಿಕೊಳ್ಳುತ್ತಿತ್ತು. ಮುಂದೆ ಅನೇಕ ದೇಶಗಳು ಕುಡಿಯುವ ನೀರಿಗೆ ಮಿತಿ ಹಾಕಿದವು. ಭಾರತದ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ ನೈಟ್ರೇಟು 45 ಮಿಲಿಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50.

ಈಗ ಮತ್ತೆ ಇಂಗ್ಲೆಂಡಿಗೆ ಹೋಗೋಣ. ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಬಹುಭಾಗದ ಅಡಿಪಾಯ ಸೀಮೆಸುಣ್ಣದ ಬಂಡೆ, ಅಂದರೆ ನಮ್ಮ ಕರಿಹಲಗೆಯ ಕಡ್ಡಿಗೆ ಹೆಸರು ಕೊಟ್ಟ ಕಲ್ಲು. ಅದು ಸೂಕ್ಷ್ಮ ರಂಧ್ರಗಳ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು, ಬುಡದಿಂದ ತಿಳಿಯಾದ ಹೊಳೆಗಳಾಗಿ ಹೊರಕ್ಕೆ ಬಿಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳಿಂದ ಬರುವ ಧಾನ್ಯ ನಿಂತುಹೋದೀತೆಂದು ಸರ್ಕಾರ ಲಕ್ಷಾಂತರ ಎಕರೆ ಹಳೆಯ ಹುಲ್ಲುಗಾವಲನ್ನು ಉಳಿಸಿತು. ತಲೆಮಾರುಗಳಿಂದ ಹುಲ್ಲಿನ ಬೇರಿನಲ್ಲಿ ಕೂಡಿಟ್ಟ ಸಾರಜನಕ ನೇಗಿಲು ತಾಗಿದೊಡನೆ ಕರಗತೊಡಗಿತು. ಯುದ್ಧ ಮುಗಿದ ಮೇಲೆ ಸೀಮೆಗೊಬ್ಬರದ ಕಾಲ ಬಂತು. ಆದರೆ ಬಾವಿಗಳಲ್ಲಿ ಬಹುಕಾಲ ವಿಶೇಷವೇನೂ ಕಾಣಲಿಲ್ಲ. ಎಲ್ಲರೂ ನೆಮ್ಮದಿಯಾಗಿದ್ದರು.

1970ರ ದಶಕದಲ್ಲಿ ಭೂವಿಜ್ಞಾನಿಗಳು ಹೊಲಗಳಲ್ಲಿ ಬೈರಿಗೆ ಇಳಿಸಿ, ಸೀಮೆಸುಣ್ಣದ ಬಂಡೆಯನ್ನು ಉದ್ದನೆಯ ಕಂಬಿಗಳಂತೆ ಮೇಲೆತ್ತಿ, ಅಡಿಅಡಿಗೂ ಅದರ ರಂಧ್ರಗಳ ನೀರನ್ನು ಹಿಂಡಿ ನೋಡಿದರು. ಆಗ ಕಂಡದ್ದು ಬೆರಗಿನ ಸಂಗತಿ. ಕಾಣೆಯಾಯಿತೆಂದುಕೊಂಡಿದ್ದ ನೈಟ್ರೇಟು ಅಲ್ಲಿಯೇ ಇತ್ತು. ಅಂತರ್ಜಲದ ಮಟ್ಟವನ್ನು ಇನ್ನೂ ಮುಟ್ಟದೆ, ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಯುತ್ತಿತ್ತು. ಮೂವತ್ತು ಮೀಟರ್ ಕೆಳಗೆ ನೀರಿದ್ದ ಕಡೆ ತಂದೆ ಹಾಕಿದ ಗೊಬ್ಬರ ಮಗನ ಕಾಲಕ್ಕೆ ಬಾವಿಗೆ ಬರುವ ಲೆಕ್ಕ. ಯೂರೋಪಿನ ದೇಶಗಳು 1991ರಲ್ಲಿ ನೈಟ್ರೇಟಿನ ಬಗ್ಗೆ ಕಟ್ಟುನಿಟ್ಟಾದ ಕಾನೂನು ಮಾಡಿದವು. ಬ್ರಿಟನ್ನಿನಲ್ಲಿ ಸಾರಜನಕದ ಗೊಬ್ಬರದ ಬಳಕೆ 1980ರ ದಶಕದ ಮಧ್ಯದಿಂದಲೇ ಇಳಿಮುಖವಾಗಿತ್ತು. ಆದರೂ ಎಷ್ಟೋ ಸೀಮೆಸುಣ್ಣದ ಬಾವಿ ಬುಗ್ಗೆಗಳಲ್ಲಿ ನೈಟ್ರೇಟು ಏರುತ್ತಲೇ ಹೋಯಿತು. ರೈತ ಗೊಬ್ಬರ ಕಡಿಮೆಮಾಡಿದ, ನೀರು ಮಾತ್ರ ಕೆಡುತ್ತಲೇ ಇತ್ತು. ಇದನ್ನು ಕಂಡು ಕಾನೂನೇ ನಿಷ್ಪ್ರಯೋಜಕ ಎನ್ನುವುದು ಸುಲಭ. ಆದರೆ ಆಗ ಬರುತ್ತಿದ್ದದ್ದು ಅಂದಿನ ತಪ್ಪಲ್ಲ, ಹಿಂದಿನ ತಲೆಮಾರಿನ ಬಾಕಿ.

ಬಾವಿಯ ಕಥೆ ಇದಾದರೆ, ಹೊಳೆ ಕೆರೆಗಳ ಕಥೆ ಇದಕ್ಕಿಂತ ಸೂಕ್ಷ್ಮ. ಬೇಸಗೆಯಲ್ಲಿ ಹೊಳೆಯಲ್ಲಿ ಹರಿಯುವ ನೀರಿನ ಬಹುಪಾಲು ಮಳೆನೀರಲ್ಲ, ನೆಲದಡಿಯಿಂದ ಒಸರಿದ ನೀರು. ಅದರಲ್ಲಿ ಪೋಷಕ ಹೆಚ್ಚಾದರೆ ಮೊದಲು ಲಾಭವಾಗುವುದು ಪಾಚಿಗೆ. ಪಾಚಿ ಹಬ್ಬಿ ಬೆಳಕನ್ನು ತಡೆಯುತ್ತದೆ. ತಳದಲ್ಲಿ ಬೇರೂರಿದ ಜಲಸಸ್ಯಗಳು ಕತ್ತಲಲ್ಲಿ ಸಾಯುತ್ತವೆ. ಅವುಗಳ ನೆರಳಿನಲ್ಲಿ ಮೊಟ್ಟೆಯಿಡುತ್ತಿದ್ದ ಹುಳುಗಳೂ, ಆ ಹುಳುಗಳನ್ನು ತಿನ್ನುತ್ತಿದ್ದ ಮೀನುಗಳೂ ನೆಲೆ ತಪ್ಪುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ರಾತ್ರಿಯೆಲ್ಲ ಬೆಳಕಿಲ್ಲದೆ ಗಿಡಗಳೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಕೆರೆಯಲ್ಲಿ ಮೀನು ರಾಶಿರಾಶಿಯಾಗಿ ತೇಲುವುದು ಬಹುಮಟ್ಟಿಗೆ ಮುಂಜಾವಿನಲ್ಲಿಯೇ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಈ ಅನಾಹುತದಲ್ಲಿ ಸಾರಜನಕದಷ್ಟೇ, ಸರೋವರಗಳಲ್ಲಿ ಅದಕ್ಕಿಂತ ಹೆಚ್ಚಾಗಿಯೇ, ರಂಜಕದ ಪಾಲಿದೆ. ಕೆನಡಾ ದೇಶದ ಒಂದು ಪುಟ್ಟ ಸರೋವರವನ್ನು 1973ರಲ್ಲಿ ವಿಜ್ಞಾನಿಗಳು ನಡುವೆ ಪರದೆ ಹಾಕಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕ. ರಂಜಕ ಹಾಕಿದ ಭಾಗ ಹಸಿರು ಪಾಚಿಯ ಮಡುವಾಯಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಮಣ್ಣು ರಂಜಕವನ್ನು ಬಿಗಿಹಿಡಿಯುವುದು ನಿಜ. ಆದರೆ ಜಿಪುಣನ ಪೆಟ್ಟಿಗೆಗೂ ಒಂದು ಅಳತೆಯುಂಟು. ವರ್ಷಗಟ್ಟಲೆ ಕೊಳಚೆಯನ್ನೋ ಗೊಬ್ಬರವನ್ನೋ ಸುರಿದ ಕಡೆ ಆ ಪೆಟ್ಟಿಗೆ ತುಂಬಿ, ರಂಜಕವೂ ನೀರಿನೊಡನೆ ಹೊರಡುತ್ತದೆ.

ನೆಲದಡಿಯ ನೀರು ಹೊರಗಿನ ನೀರನ್ನು ಹೇಗೆ ಕೆಡಿಸುತ್ತದೆಂಬುದಕ್ಕೆ ಚೆನ್ನಾಗಿ ಪತ್ತೆಯಾದ ನಿದರ್ಶನ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿದೆ. ಅಲ್ಲಿನ ಸುಣ್ಣಕಲ್ಲಿನ ನೆಲದಿಂದ ನೂರಾರು ದೊಡ್ಡ ಬುಗ್ಗೆಗಳು ಉಕ್ಕುತ್ತವೆ. ಅವುಗಳಲ್ಲಿ ವಾಕುಲ್ಲಾ ಒಂದು. ಅದರ ನೀರು ಎಷ್ಟು ತಿಳಿಯಾಗಿತ್ತೆಂದರೆ, ಗಾಜಿನ ತಳದ ದೋಣಿಯಲ್ಲಿ ಕುಳಿತ ಯಾತ್ರಿಕರು ಆಳದ ಗುಹೆಯ ಬಾಯನ್ನು ನೋಡುತ್ತಿದ್ದರು; ನೀರಿನೊಳಗಿನ ದೃಶ್ಯಗಳಿಗಾಗಿ 1950ರ ದಶಕದಲ್ಲಿ ಚಲನಚಿತ್ರದವರೂ ಅಲ್ಲಿಗೆ ಬಂದರು. ಅದರ ಉತ್ತರಕ್ಕೆ ಟ್ಯಾಲಹಾಸಿ ನಗರ. ಆ ನಗರದವರು ಕೊಳಚೆಯನ್ನು ಶುದ್ಧಿಮಾಡಿ, 1966ರಿಂದ ಹೊಲಗಳ ಮೇಲೆ ಎರಚತೊಡಗಿದರು. 1980ರಲ್ಲಿ ನಗರದ ಆಗ್ನೇಯಕ್ಕೆ ಇನ್ನೂ ದೊಡ್ಡ ಹೊಲ ಸಿದ್ಧವಾಯಿತು. ಬೆಳೆ ಸಾರವನ್ನು ಕುಡಿಯುತ್ತದೆ, ಮಣ್ಣು ಉಳಿದುದನ್ನು ಸೋಸುತ್ತದೆ, ನೆಲದಡಿಯ ನೀರೂ ತುಂಬುತ್ತದೆ: ಯೋಚನೆ ಕೇಳಲು ಬಹಳ ಚೆನ್ನಾಗಿತ್ತು. ಅನೇಕರು ಅದನ್ನು ಮಾದರಿಯೆಂದು ಹೊಗಳಿದರು.

ಆದರೆ ಬುಗ್ಗೆಯಲ್ಲಿ ನೈಟ್ರೇಟು ಏರಿತು. ನಮ್ಮ ಕೆರೆಗಳಲ್ಲಿಯೂ ಬೆಳೆಯುವ ಹೈಡ್ರಿಲ ಎಂಬ ಜಲಕಳೆ 1997ರಲ್ಲಿ ಅಲ್ಲಿ ಕಾಣಿಸಿಕೊಂಡು ಬಹುಬೇಗ ಹಬ್ಬಿತು. ಹೊಲಕ್ಕೂ ಬುಗ್ಗೆಗೂ ನಡುವೆ ಮೈಲಿಗಟ್ಟಲೆ ದೂರ. ಸಂಬಂಧವೆಲ್ಲಿಯದು ಎಂಬ ವಾದ ನಡೆಯಿತು. ಕೊನೆಗೆ ಹೊಲದ ಬಳಿ ನೆಲದಡಿಯ ನೀರಿಗೆ ಬಣ್ಣ ಬೆರೆಸಿ ಕಾದುನೋಡಿದರು. ವರ್ಷಗಳಲ್ಲಲ್ಲ, ತಿಂಗಳುಗಳಲ್ಲೇ ಆ ಬಣ್ಣ ವಾಕುಲ್ಲಾ ಬುಗ್ಗೆಯಲ್ಲಿ ಬಂದಿತು. ಇಂಗ್ಲೆಂಡಿನ ಸೀಮೆಸುಣ್ಣದಲ್ಲಿ ಬಸವನಹುಳುವಿನಂತೆ ನಡೆದ ನೀರು ಇಲ್ಲಿ ಸುಣ್ಣಕಲ್ಲಿನ ಸುರಂಗಗಳಲ್ಲಿ ಹೊಳೆಯಂತೆ ಓಡುತ್ತಿತ್ತು. ನಗರ ಇಪ್ಪತ್ತು ಕೋಟಿ ಡಾಲರಿಗೂ ಮಿಗಿಲಾಗಿ ಖರ್ಚುಮಾಡಿ, ಶುದ್ಧೀಕರಣದಲ್ಲಿ ಸಾರಜನಕವನ್ನೇ ತೆಗೆಯುವ ಏರ್ಪಾಡು ಮಾಡಬೇಕಾಯಿತು. ಅನಂತರ ಬುಗ್ಗೆಯ ನೈಟ್ರೇಟು ಹಿಂದಿನ ಹೆಚ್ಚಿನ ಮಟ್ಟದಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೂ ಹಳೆಯ ತಿಳಿತನ ಪೂರ್ತಿಯಾಗಿ ಮರಳಲಿಲ್ಲ. ಸುತ್ತಲ ಮನೆಗಳ ಕೊಳಚೆಗುಂಡಿಗಳು ಇನ್ನೂ ಇವೆ. ಕಾಡಿನ ಕಡೆಯಿಂದ ಕಂದುಬಣ್ಣದ ನೀರೂ ಬಂದು ಸೇರುತ್ತದೆ. ಗಾಜಿನ ದೋಣಿ ಹೊರಡುವ ದಿನಗಳು ಅಪರೂಪವಾದುವು.

ಫ್ಲಾರಿಡಾದವರು ಇಂಥ ಬುಗ್ಗೆಗಳಿಗೆ ಗೊತ್ತುಮಾಡಿರುವ ಮಿತಿಯನ್ನು ನಮ್ಮ ಲೆಕ್ಕಕ್ಕೆ ತಂದರೆ, ಲೀಟರಿಗೆ ಸುಮಾರು ಒಂದೂವರೆ ಮಿಲಿಗ್ರಾಂ ನೈಟ್ರೇಟು. ಮನುಷ್ಯನ ಕುಡಿಯುವ ನೀರಿಗೆ 45. ಎರಡರ ಅಂತರ ಸುಮಾರು ಮೂವತ್ತು ಪಟ್ಟು! ಅಂದರೆ ನಮಗೆ ಕುಡಿಯಲು ಯೋಗ್ಯವೆಂದು ಪತ್ರ ಬರೆದುಕೊಟ್ಟ ನೀರು ಬುಗ್ಗೆಯ ಗಿಡಮೀನುಗಳ ಪಾಲಿಗೆ ಎಂದೋ ಕೆಟ್ಟಿರಬಹುದು. ಮನುಷ್ಯನ ಆರೋಗ್ಯವನ್ನೊಂದನ್ನೇ ಅಳತೆಗೋಲು ಮಾಡಿಕೊಂಡರೆ, ನಮಗೆ ಅಪಾಯ ತಿಳಿಯುವ ಹೊತ್ತಿಗೆ ಕೆರೆಯ ಕಥೆ ಮುಗಿದಿರುತ್ತದೆ.

ಇನ್ನು ನಮ್ಮ ನಾಡಿನ ಮಾತು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ದೇಶದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ನೈಟ್ರೇಟು 45ರ ಮಿತಿ ಮೀರಿದೆ. ಕರ್ನಾಟಕದ ಮಾದರಿಗಳಲ್ಲಾದರೋ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮೀರಿದೆ. ರಾಜಸ್ಥಾನದೊಡನೆ ನಾವು ಈ ವಿಷಯದಲ್ಲಿ ಮೊದಲ ಸಾಲಿನಲ್ಲಿದ್ದೇವೆ. ನಮ್ಮದು ಬಹುತೇಕ ಗಟ್ಟಿ ಬಂಡೆಯ ನೆಲ. ಮೇಲೆ ತೆಳುವಾದ ಮಣ್ಣು, ಅದರಡಿಯಲ್ಲಿ ಸಡಿಲಗೊಂಡ ಕಲ್ಲು, ಇನ್ನೂ ಕೆಳಗೆ ಬಂಡೆಯ ಬಿರುಕುಗಳು. ಸೀಮೆಸುಣ್ಣದಂತೆ ತಡೆಹಿಡಿಯುವ ಸ್ಪಂಜೂ ಇಲ್ಲಿಲ್ಲ, ಫ್ಲಾರಿಡಾದ ಬುಗ್ಗೆಗಳಂತೆ ತೊಳೆದುಬಿಡುವ ಮಹಾಪ್ರವಾಹವೂ ಇಲ್ಲ. ಕೊಳವೆಬಾವಿಯಿಂದ ಎತ್ತಿದ ನೀರನ್ನೇ ಹೊಲಕ್ಕೆ ಹಾಯಿಸುತ್ತೇವೆ. ಅದರ ಮೇಲೆ ಮತ್ತೆ ಯೂರಿಯಾ ಚೆಲ್ಲುತ್ತೇವೆ. ಅದು ಮತ್ತೆ ಇಂಗುತ್ತದೆ. ಪೇಟೆಯಲ್ಲಾದರೋ ಮೂವತ್ತು ನಲವತ್ತರ ನಿವೇಶನದ ಒಂದು ಮೂಲೆಯಲ್ಲಿ ಇಂಗುಗುಂಡಿ, ಇನ್ನೊಂದು ಮೂಲೆಯಲ್ಲಿ ಕೊಳವೆಬಾವಿ. ಶ್ಲೋಸಿಂಗ್ ಮತ್ತು ಮುಂಟ್ಸ್ ಗಾಜಿನ ಕೊಳವೆಯಲ್ಲಿ ಮಾಡಿದ ಪ್ರಯೋಗವನ್ನು ನಾವು ಮನೆಮನೆಯಲ್ಲಿಯೂ ಮಾಡುತ್ತಿದ್ದೇವೆ.

ಬೆಂಗಳೂರಿನ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಹೊತ್ತಿಕೊಂಡು ಹೊಗೆಯಾಡಿದ್ದು, ಅದರ ಕೋಡಿಯಲ್ಲಿ ನೊರೆ ಬೆಟ್ಟದಂತೆ ಎದ್ದದ್ದು ಎಲ್ಲರಿಗೂ ನೆನಪಿದೆ. ಅಲ್ಲಿಗೆ ಕೊಳಚೆ ನೇರವಾಗಿ ಚರಂಡಿಯಿಂದಲೇ ಬಂತು. ಅಂತರಗಂಗೆ ಕೆರೆಯ ಮುಖವನ್ನು ಮುಚ್ಚಿತು. ಕಣ್ಣಿಗೆ ಕಂಡಿತು, ಮೂಗಿಗೆ ಹೊಡೆಯಿತು, ಕೂಗೆದ್ದಿತು. ಆದರೆ ಅದೇ ನಗರದ ನೀರು ಈಗ ಇನ್ನೊಂದು ಪಯಣ ಹೊರಟಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದಿದ್ದ ಜಿಲ್ಲೆ ಅದು. ವರ್ಷಾನುಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿದುವು. ಬತ್ತಿದ ಬಾವಿಗಳಲ್ಲಿ ನೀರು ಕಂಡಿತು. ಊರುಬಿಟ್ಟು ಕೂಲಿಗೆ ಹೋಗುತ್ತಿದ್ದವರು ಹೊಲಕ್ಕೆ ಮರಳಿದರು. ಆ ಸಂತೋಷವನ್ನು ಲಘುವಾಗಿ ಕಾಣುವ ಹಕ್ಕು ನೀರಿರುವ ಊರಿನಲ್ಲಿ ಕುಳಿತ ನಮಗಾರಿಗೂ ಇಲ್ಲ.

ಆದರೆ ಟ್ಯಾಲಹಾಸಿಯ ಚರಿತ್ರೆ ಓದಿದವನು ಒಂದು ಪ್ರಶ್ನೆ ಕೇಳದಿರಲಾರ. ಎರಡನೆಯ ಹಂತದ ಶುದ್ಧಿ ಕೊಳೆಯನ್ನೂ ದುರ್ಗಂಧವನ್ನೂ ಬಹುಮಟ್ಟಿಗೆ ಕಳೆಯುತ್ತದೆ. ಸಾರಜನಕ, ರಂಜಕಗಳನ್ನು ಪೂರ್ತಿಯಾಗಿ ಕಳೆಯುವುದಿಲ್ಲ. ಅದಕ್ಕೆ ಬೇರೆ ಹಂತ ಬೇಕು. ಕೆರೆಯಿಂದ ಇಂಗುವ ನೀರು ಈ ಪೋಷಕಗಳನ್ನು ಎಷ್ಟು ಹೊತ್ತೊಯ್ಯುತ್ತದೆ, ಬಂಡೆಯ ಬಿರುಕುಗಳಲ್ಲಿ ಎಷ್ಟು ಬೇಗ ನಡೆಯುತ್ತದೆ, ಯಾರ ಬಾವಿಗೆ ಯಾವ ವರ್ಷ ತಲುಪುತ್ತದೆ ಎಂಬ ಲೆಕ್ಕವನ್ನು ಈಗಲೇ ಇಡಬೇಕು. ಊರೂರಿನ ಬಾವಿಯ ನೀರನ್ನು ವರ್ಷವರ್ಷವೂ ಅಳೆದು, ಆ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಬೇಕು. ನೀರು ಕೆಡುವುದಕ್ಕೆ ಮೊದಲು ಮೂರನೆಯ ಹಂತದ ಶುದ್ಧಿಗೆ ಹಣ ತೆಗೆದಿಡುವುದು ಸಾಲವಲ್ಲ, ಉಳಿತಾಯ. ಟ್ಯಾಲಹಾಸಿಯವರು ಅದೇ ಹಣವನ್ನು ಬುಗ್ಗೆ ಕೆಟ್ಟ ಮೇಲೆ ತೆತ್ತರು.

ಸರ್ಕಾರ ಮಾಡಬೇಕಾದ್ದು ಅಷ್ಟಾದರೆ, ಮನೆಯವರು ಮಾಡಬಹುದಾದ್ದೂ ಇದೆ. ಎಳೆಗೂಸಿರುವ ಮನೆಯಲ್ಲಿ ಬಾವಿಯ ನೀರನ್ನು ಕುದಿಸಿದೆವೆಂದು ನೆಮ್ಮದಿ ಪಡದೆ, ಒಮ್ಮೆ ನೈಟ್ರೇಟಿನ ಪರೀಕ್ಷೆ ಮಾಡಿಸಬೇಕು. ತಿಪ್ಪೆಯನ್ನೂ ಇಂಗುಗುಂಡಿಯನ್ನೂ ಬಾವಿಯಿಂದ ಆದಷ್ಟು ದೂರವಿಡಬೇಕು. ಯೂರಿಯಾವನ್ನು ಒಂದೇ ಸಲ ಸುರಿಯದೆ, ಬೆಳೆ ಉಣ್ಣುವ ಕಾಲ ನೋಡಿ ಎರಡು ಮೂರು ಕಂತಿನಲ್ಲಿ ಕೊಡಬೇಕು. ಮಳೆಗಾಲದಲ್ಲಿ ಹೊಲವನ್ನು ಬರಿದಾಗಿ ಬಿಡದೆ ಹುರುಳಿಯನ್ನೋ ಸೆಣಬನ್ನೋ ಬಿತ್ತಿದರೆ, ಇಳಿಯುವ ಸಾರವನ್ನು ಅವುಗಳ ಬೇರು ಹಿಡಿದುಕೊಳ್ಳುತ್ತದೆ. ಇದೆಲ್ಲ ಫಲಕಾರಿಯೇ ಎಂದು ಸಂದೇಹಪಡುವವರಿಗೆ ಡೆನ್ಮಾರ್ಕ್ ಉತ್ತರ. 1980ರ ದಶಕದಿಂದ ಆ ದೇಶ ಗೊಬ್ಬರಕ್ಕೆ ಲೆಕ್ಕ ಕೇಳತೊಡಗಿತು. ನೆಲದಡಿಯ ನೀರಿನ ವಯಸ್ಸನ್ನು ಅಳೆದು ನೋಡಿದಾಗ, 1980ರ ಸುಮಾರಿಗೆ ಇಂಗಿದ ನೀರಿನಲ್ಲಿ ನೈಟ್ರೇಟು ಅತಿ ಹೆಚ್ಚು, ಅನಂತರ ಇಂಗಿದ ನೀರಿನಲ್ಲಿ ಕ್ರಮೇಣ ಕಡಿಮೆ ಎಂದು ಕಂಡುಬಂತು. ನೆಲ ಕೆಟ್ಟದ್ದನ್ನು ನೆನಪಿಡುವಂತೆ ಒಳ್ಳೆಯದನ್ನೂ ನೆನಪಿಡುತ್ತದೆ. ಎರಡಕ್ಕೂ ತಾಳ್ಮೆ ಬೇಕು.

ರಾಜರ ಚರಿತ್ರೆಯಲ್ಲಿ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಒಂದು ಯುದ್ಧದ ಅಂತರವಿದ್ದರೆ, ನೀರಿನ ಚರಿತ್ರೆಯಲ್ಲಿ ಕೆಲವೊಮ್ಮೆ ಒಂದು ತಲೆಮಾರಿನ ಅಂತರವಿರುತ್ತದೆ. ಹೀಗಿರಲು, ತಪ್ಪು ಮಾಡಿದವರು ಒಬ್ಬರು, ದಂಡ ತೆರುವವರು ಇನ್ನೊಬ್ಬರು ಆಗುತ್ತಾರೆ. ನಾವು ಈ ವರ್ಷ ಹೊಲಕ್ಕೆ ಹಾಕಿದ್ದನ್ನೂ, ಕೆರೆಗೆ ಬಿಟ್ಟದ್ದನ್ನೂ ಕುಡಿಯಬೇಕಾದವರು ಈಗ ನಾಲ್ಕನೆಯ ತರಗತಿಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿರುವ ಮಕ್ಕಳು. ಲೆಕ್ಕ ಅವರ ಹೆಸರಿನಲ್ಲಿ ಬರೆಯಲ್ಪಡುತ್ತಿದೆ. ಅದು ಎಷ್ಟಾಗಬೇಕೆಂಬ ಅಂಕಿಯನ್ನು ಹಾಕುವ ಕೈ ಮಾತ್ರ ಸದ್ಯಕ್ಕೆ ನಮ್ಮದು.